ಮುಂಬಯಿಯ ಆಸ್ಪತ್ರೆಗಳು, ಕನ್ನಡದ ದಾದಿಯರು ಮತ್ತು ನಾವು
(ದಾದಿಯರ ದಿನಾಚರಣೆಯ ಅಂಗವಾಗಿ ಸಂಘದ ಸಭಾಗೃಹದಲ್ಲಿ ನೀಡಿದ ಉಪನ್ಯಾಸ)



ನಮ್ಮ ಈ ವೇದಿಕೆಯಿಂದ ಗಡಿಪ್ರಶ್ನೆಯ ಕುರಿತು, ಮಹಾಜನ ವರದಿಯ ಕುರಿತು, ಮುಚ್ಚುತ್ತಿರುವ ಕನ್ನಡ ಶಾಲೆಗಳ ಕುರಿತು ಎಷ್ಟೋ ಭಾಷಣಗಳಾಗಿವೆ. ಕವಿಗೋಷ್ಠಿಗಳಿಗೂ ತಾಳಮದ್ದಳೆಗಳಿಗೂ ಇಲ್ಲಿ ಎಂದೂ ಕೊರತೆಯಾಗಿಲ್ಲ. ಆದರೆ ದಾದಿಯರನ್ನು ಕುರಿತು ಇಲ್ಲಿ ಯಾರಾದರೂ ಮಾತಾಡಿದ್ದು ನನ್ನ ನೆನಪಿನಲ್ಲಿಲ್ಲ. ನಾನು ವೈದ್ಯನೂ ಅಲ್ಲ, ಸಾಹಿತಿಯೂ ಅಲ್ಲ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಕೇಂದ್ರ ಸರಕಾರದ ಸೇವೆಗೆ ಸೇರಿ, ಈ ಮಹಾನಗರದ ಕಡತಗಳ ನಡುವೆ ಕೂದಲು ನರೆಸಿಕೊಂಡವನು. ಆದ್ದರಿಂದ ಮೊದಲಿಗೇ ಒಂದು ಮಾತು: ಇಲ್ಲಿ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯ, ಸರಕಾರದ್ದಲ್ಲ. ಸರಕಾರಿ ನೌಕರನಾದವನು ಮನೆಯಲ್ಲಿ ಚಹಾ ಕೇಳುವಾಗಲೂ ಈ ಮಾತನ್ನು ಸೇರಿಸಬೇಕಾದ ಕಾಲ ಇದು.

ಭಾರತದಲ್ಲಿ ದಾದಿಯರ ಶಿಕ್ಷಣ ಬೇರೂರಿದ ಊರುಗಳಲ್ಲಿ ಮುಂಬಯಿಯ ಸ್ಥಾನ ಹಿರಿದು. ಸರ್ ಜೆ.ಜೆ. ಆಸ್ಪತ್ರೆ 1845ರದ್ದು. ಪೆಸ್ತನಜಿ ಹೊರ್ಮಸಜಿ ಕಾಮಾ ಅವರ ದಾನದಿಂದ ಕಟ್ಟಿದ ಕಾಮಾ ಆಸ್ಪತ್ರೆ 1886ರಲ್ಲಿ ತೆರೆಯಿತು. ಅದು ಹೆಂಗಸರಿಗಾಗಿಯೇ ಇದ್ದ, ಹೆಂಗಸರೇ ನಡೆಸಿದ ಆಸ್ಪತ್ರೆ. ಅಲ್ಲಿಯ ಮುಖ್ಯ ವೈದ್ಯೆ ಎಡಿತ್ ಪೀಚಿ. ದಾದಿಯರ ವ್ಯವಸ್ಥಿತ ತರಬೇತಿಯೂ ಈ ನಗರದಲ್ಲಿ ಆ ಕಾಲಕ್ಕೇ ಆರಂಭವಾಯಿತು. ತರಬೇತಿಗೆ ಬಂದ ಮೊದಲ ಭಾರತೀಯ ಮಹಿಳೆಯೆಂದು ಇತಿಹಾಸ ಹೆಸರಿಸುವುದು 1891ರಲ್ಲಿ ಸೇರಿದ ಬಾಯಿ ಕಾಶೀಬಾಯಿ ಗಣಪತ್ ಅವರನ್ನು. ಅಪರಿಚಿತರ ಮೈ ಮುಟ್ಟುವುದು, ಮಲಮೂತ್ರ ಎತ್ತುವುದು, ರಾತ್ರಿ ಮನೆಯ ಹೊರಗೆ ಇರುವುದು, ಈ ಮೂರನ್ನೂ ಮರ್ಯಾದಸ್ಥ ಮನೆತನದ ಹೆಣ್ಣು ಮಾಡತಕ್ಕದ್ದಲ್ಲವೆಂದು ನಂಬಿದ್ದ ಸಮಾಜದಲ್ಲಿ ಆಕೆ ಆ ಹೆಜ್ಜೆಯನ್ನಿಟ್ಟರು. ಬಹುಕಾಲ ಈ ವೃತ್ತಿಗೆ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತರು ಮತ್ತು ವಿಧವೆಯರು. ಅಂದರೆ ಸಮಾಜ ಯಾರನ್ನು ಅಂಚಿಗೆ ತಳ್ಳಿತ್ತೋ ಅವರೇ ಆ ಸಮಾಜದ ಗಾಯಗಳನ್ನು ತೊಳೆದರು.

ನಮ್ಮವರು ಇಲ್ಲಿಗೆ ಬಂದ ಬಗೆಯನ್ನು ತಿಳಿಯಲು ಭೂಪಟವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಬಂತು. 1956ರ ನವೆಂಬರ್ 1ರವರೆಗೆ ಕಾರವಾರದವನಿಗೂ ವಿಜಾಪುರದವನಿಗೂ ಮುಂಬಯಿ ಪರನಾಡಲ್ಲ, ರಾಜಧಾನಿ. ದಕ್ಷಿಣ ಕನ್ನಡದವರು ಹೋಟೆಲು, ಬ್ಯಾಂಕು, ಬಂದರುಗಳ ದಾರಿಯಿಂದ ಬಂದರು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸಂಸ್ಥೆಯ ಆಸುಪಾಸಿನಲ್ಲಿ ಬೆಳೆದ ಸೇವಾಪರಂಪರೆಯೂ ಕರಾವಳಿಯ ಹೆಣ್ಣುಮಕ್ಕಳನ್ನು ಈ ವೃತ್ತಿಗೆ ಸಿದ್ಧಗೊಳಿಸಿತು. ಹೀಗೆ ಘಟ್ಟದ ಮೇಲಿನವರೂ ಕೆಳಗಿನವರೂ ಪರಳ, ಸಾಯನ್, ಭಾಯಖಳಾಗಳ ದಾದಿಯರ ವಸತಿಗೃಹಗಳಲ್ಲಿ ಒಂದೇ ಕೋಣೆಯನ್ನು ಹಂಚಿಕೊಂಡರು.

ಅಂಥವರಲ್ಲಿ ಒಬ್ಬರ ಹೆಸರು ದೇಶಕ್ಕೆಲ್ಲ ಗೊತ್ತು, ಗೊತ್ತಾದ ರೀತಿ ಮಾತ್ರ ಯಾರಿಗೂ ಬರಬಾರದು. ಹೊನ್ನಾವರ ತಾಲೂಕಿನ ಹಳದೀಪುರದಲ್ಲಿ 1948ರಲ್ಲಿ ಜನಿಸಿದ ಅರುಣಾ ಶಾನಭಾಗ ಪರಳದ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಿಸುವ ವೇಳೆಗೆ, ಅಲ್ಲಿಯೇ ಕೆಲಸಕ್ಕಿದ್ದವನೊಬ್ಬ ನಾಯಿಯ ಸರಪಳಿಯಿಂದ ಆಕೆಯ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ ಹರಿಯದೆ ಆಕೆ ಮತ್ತೆ ಮೊದಲಿನಂತಾಗಲಿಲ್ಲ. ಹಲ್ಲೆ ಮತ್ತು ಸುಲಿಗೆಗಾಗಿ ಅಪರಾಧಿಗೆ ಏಳು ವರ್ಷಗಳ ಶಿಕ್ಷೆಯಾಯಿತು; ಅತ್ಯಾಚಾರದ ಆರೋಪವನ್ನು ಹೊರಿಸಲೇ ಇಲ್ಲ. ಅವನು ಶಿಕ್ಷೆ ಮುಗಿಸಿ ಹೊರಬಂದ. ಅರುಣಾ ನಾಲ್ಕನೆಯ ವಾರ್ಡಿಗೆ ಹೊಂದಿದ ಕೋಣೆಯಲ್ಲಿ 2015ರ ಮೇ 18ರವರೆಗೆ, ನಲವತ್ತೆರಡು ವರ್ಷಗಳ ಸಮೀಪ, ಮಲಗಿಯೇ ಇದ್ದರು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ನೆನೆಯುವುದು ದಯಾಮರಣದ ಪ್ರಶ್ನೆಯನ್ನು. ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು, ಅದರಿಂದ ಹೊರಟು 2018ರಲ್ಲಿ ಸಂವಿಧಾನ ಪೀಠ ಘನತೆಯ ಮರಣದ ಹಕ್ಕನ್ನು ಒಪ್ಪಿದ್ದು, ಇವೆಲ್ಲ ಕಾನೂನು ಕಾಲೇಜುಗಳ ಪಾಠವಾಗಿವೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ತೀರ್ಪಿನ ಇನ್ನೊಂದು ಭಾಗ. ಆಕೆಯ ಪರವಾಗಿ ನಿರ್ಧಾರ ಹೇಳುವ ಆಪ್ತರು ಯಾರು ಎಂಬ ಪ್ರಶ್ನೆ ಬಂದಾಗ, ಹಗಲಿರುಳು ಸೇವೆ ಮಾಡಿದ ಕೆ.ಇ.ಎಂ. ಸಿಬ್ಬಂದಿಯೇ ಆ ಆಪ್ತರೆಂದು ನ್ಯಾಯಾಲಯ ಹೇಳಿತು. ಮೂವತ್ತೇಳು ವರ್ಷ ಹಾಸಿಗೆ ಹಿಡಿದ ದೇಹದಲ್ಲಿ ಒಂದೇ ಒಂದು ಹಾಸಿಗೆಹುಣ್ಣು ಇರಲಿಲ್ಲ. ಮನೆಯಲ್ಲಿ ಮೂರು ತಿಂಗಳು ಹಾಸಿಗೆ ಹಿಡಿದ ತಂದೆಯನ್ನೋ ತಾಯಿಯನ್ನೋ ನೋಡಿಕೊಂಡವರಿಗೆ ಈ ಮಾತಿನ ಅರ್ಥ ತಿಳಿಯುತ್ತದೆ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಒರೆಸಬೇಕು, ಹಾಸಿಗೆಯ ಸುಕ್ಕು ತೆಗೆಯಬೇಕು. ಎಂಬತ್ತರ ದಶಕದಲ್ಲಿ ಆಕೆಯನ್ನು ಬೇರೆಡೆಗೆ ಸಾಗಿಸುವ ಪ್ರಯತ್ನ ನಡೆದಾಗ ದಾದಿಯರು ಪ್ರತಿಭಟಿಸಿ ತಡೆದರು. ಅರುಣಾಳನ್ನು ಆರೋಗ್ಯದಲ್ಲಿ ಕಂಡೇ ಇರದ, ಆಕೆ ಬಿದ್ದ ಮೇಲೆ ಹುಟ್ಟಿದ ಹುಡುಗಿಯರು ಕೆಲಸಕ್ಕೆ ಸೇರಿ ಆಕೆಗೆ ತುತ್ತು ತಿನ್ನಿಸಿದರು. ಅವರಲ್ಲಿ ಮರಾಠಿಗರಿದ್ದರು, ಮಲಯಾಳಿಗಳಿದ್ದರು, ನಮ್ಮವರೂ ಇದ್ದರು. ಊರು, ಭಾಷೆ ಯಾವುದನ್ನೂ ಕೇಳದೆ ಅವರು ಹಳದೀಪುರದ ಮಗಳನ್ನು ಕೂಡಿಸಿಕೊಂಡರು.

2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯ ಕೊಲೆಯಾದಾಗ ಸರ್ವೋಚ್ಚ ನ್ಯಾಯಾಲಯ ಅರುಣಾ ಪ್ರಕರಣವನ್ನು ಮತ್ತೆ ನೆನೆಯಬೇಕಾಯಿತು. ಅರ್ಧ ಶತಮಾನ ಕಳೆದರೂ ರಾತ್ರಿಪಾಳಿಯ ಹೆಣ್ಣಿಗೆ ಬಟ್ಟೆ ಬದಲಿಸಲು ಬೀಗವಿರುವ ಕೋಣೆಯೊಂದನ್ನು ಕೊಡಲಾಗದ ಆಸ್ಪತ್ರೆಗಳು ಈ ದೇಶದಲ್ಲಿವೆ. ಮಗಳನ್ನು ಈ ವೃತ್ತಿಗೆ ಕಳಿಸಿರೆಂದು ನಾನು ಮುಂದೆ ಹೇಳಲಿರುವುದರಿಂದ ಈ ಮಾತನ್ನು ಬಚ್ಚಿಡಲಾರೆ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ತುಳು, ಕೊಂಕಣಿ ಬರೆಸಿದವರ ಲೆಕ್ಕ ಬೇರೆ. ಈ ಸಭೆಯಲ್ಲಿ ಕುಳಿತ ನಮಗೆ ಮರಾಠಿ, ಹಿಂದಿ, ಇಂಗ್ಲಿಷು ಎಲ್ಲವೂ ಬರುತ್ತವೆ. ನಮಗೆ ಕಾಯಿಲೆಯಾದರೆ ಯಾವ ಭಾಷೆಯಲ್ಲಿ ನರಳಬೇಕೆಂಬ ಚಿಂತೆಯಿಲ್ಲ. ಆದರೆ ಠಾಣೆ, ಕಲ್ಯಾಣ, ಘಣಸೋಲಿ, ವಸಯಿಗಳ ನಾಕಾಗಳಲ್ಲಿ ಬೆಳಗ್ಗೆ ಏಳಕ್ಕೆ ಬುತ್ತಿಗಂಟು ಹಿಡಿದು ಕೆಲಸಕ್ಕಾಗಿ ನಿಲ್ಲುವ ಕಲಬುರಗಿ, ಯಾದಗಿರಿ, ವಿಜಯಪುರದ ಜನ? ಗಂಡಸರಿಗೆ ಮುಕಾದಮನ ಹಿಂದಿ ಅಷ್ಟಿಷ್ಟು ಬಂದೀತು. ಅವರ ಹೆಂಗಸರಿಗೆ, ಊರಿನಿಂದ ಬಂದ ಮುದುಕರಿಗೆ ಅದೂ ಇಲ್ಲ.

ನಾನು ಹತ್ತಿರದಿಂದ ಬಲ್ಲ ಪ್ರಸಂಗವೊಂದಿದೆ. ನಮ್ಮ ಸರಕಾರಿ ವಸತಿಗೃಹಗಳ ದುರಸ್ತಿಗೆ ಬಂದಿದ್ದ ಬಾದಾಮಿ ಕಡೆಯ ವೃದ್ಧರೊಬ್ಬರಿಗೆ ಒಂದು ಬೆಳಗ್ಗೆ ವಿಪರೀತ ನೋವು. ಗುತ್ತಿಗೆದಾರ ಕ್ಯಾಂಟೀನಿನ ಹುಡುಗನನ್ನು ಜೊತೆಗೆ ಮಾಡಿ ಆಸ್ಪತ್ರೆಗೆ ಕಳಿಸಿದ. ಹುಡುಗ ಉಡುಪಿಯ ಕಡೆಯವನು, ಮನೆಮಾತು ತುಳು, ಕನ್ನಡ ಶಾಲೆಯ ಪುಸ್ತಕದ್ದು. ವೃದ್ಧರು “ಕಾಲ್ಮಡಿ ಕಟ್ಟೈತ್ರಿ” ಎಂದು ಹೇಳುತ್ತಲೇ ಇದ್ದರು. ಮೂತ್ರ ಕಟ್ಟಿದೆಯೆಂಬ ಈ ಮಾತು ಕರಾವಳಿಯ ಹುಡುಗನಿಗೆ ಎಲ್ಲಿಂದ ತಿಳಿಯಬೇಕು? ಅವನ ಕಿವಿಗೆ ಬಿದ್ದದ್ದು ‘ಕಾಲು’ ಒಂದೇ. ಕೇಸ್‌ಪೇಪರಿನಲ್ಲಿ ಕಾಲುನೋವೆಂದು ಬರೆಯಿತು. ಮೂಳೆ ವಿಭಾಗದ ಸಾಲಿನಲ್ಲಿ ನಿಂತು, ಎಕ್ಸ್‌-ರೇ ತೆಗೆಸಿ, ಮತ್ತೆ ಸಾಲಿನಲ್ಲಿ ಕುಳಿತು ಸಂಜೆಯಾಯಿತು. ನಾನು ಕಚೇರಿ ಮುಗಿಸಿ ಅಲ್ಲಿಗೆ ಹೋಗುವ ಹೊತ್ತಿಗೆ ಪಾಳಿ ಬದಲಾಗಿತ್ತು. ಹೊಸ ಪಾಳಿಗೆ ಬಂದ ದಾದಿಯೊಬ್ಬರು, ಗದಗಿನ ಕಡೆಯವರಂತೆ, ಕಿಬ್ಬೊಟ್ಟೆ ಹಿಡಿದು ಮುದುಡಿದ್ದ ಆ ಹಿರಿಯರ ತಲೆಯ ಪಟಗ ನೋಡಿ “ಅಜ್ಜಾರ, ಎಲ್ಲಿ ತ್ರಾಸ ಆಗಾಕತ್ತೈತಿ?” ಎಂದು ಕೇಳಿದರು. ಕಾಲು ಗಂಟೆಯೊಳಗೆ ನಳಿಗೆ ಹಾಕಿ ಮೂತ್ರ ತೆಗೆದರು. ಆ ಹಿರಿಯರು ನೋವಿಳಿದ ಮೇಲೆ ಮೊದಲು ಕೇಳಿದ್ದು “ನೀ ಯಾವೂರಾಕಿ, ಯವ್ವಾ?” ಎಂದು.

ಇಲ್ಲಿ ಯಾರನ್ನೂ ದೂಷಿಸುವಂತಿಲ್ಲ. ವೈದ್ಯರು ಕೇಳಿದರು, ಹುಡುಗ ತಿಳಿದಷ್ಟನ್ನು ಹೇಳಿದ. ಇಂಥ ಬಲೆಗಳು ನಮ್ಮ ನುಡಿಯಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಉತ್ತರ ಕರ್ನಾಟಕದ ಹೆಂಗಸು ‘ಹೊಟ್ಟ್ಯಾಗ ಸಂಕಟ’ ಎಂದರೆ ಒಳಗಿನ ತಳಮಳ. ಮರಾಠಿಯಲ್ಲಿ ಸಂಕಟವೆಂದರೆ ವಿಪತ್ತು, ಕೇಳಿದವರು ಮನೆಯಲ್ಲೇನೋ ಅನಾಹುತವೆಂದು ಭಾವಿಸಿಯಾರು. ‘ಬ್ಯಾನಿ’ ಎಂದರೆ ಒಂದೆಡೆ ಬರಿಯ ಕಾಯಿಲೆ, ಇನ್ನೊಂದೆಡೆ ಹೆರಿಗೆಯ ನೋವು. ‘ಹೊರಕಡೆ’ಗೆ ಹೋಗುವುದೆಂದರೇನೆಂದು ನಿಘಂಟು ಹಿಡಿದವರಿಗೆ ತಿಳಿಯದು. ಮುಟ್ಟಿನ ವಿಷಯವಂತೂ ‘ಹೊರಗಾಗಿದ್ದೇನೆ’ ಎಂಬಲ್ಲಿಗೆ ನಿಂತುಬಿಡುತ್ತದೆ. ಮಗನನ್ನೋ ಮೈದುನನನ್ನೋ ದುಭಾಷಿಯಾಗಿ ಪಕ್ಕದಲ್ಲಿ ನಿಲ್ಲಿಸಿಕೊಂಡ ಹೆಂಗಸು ಅಷ್ಟನ್ನೂ ಹೇಳಲಾರಳು. ವೈದ್ಯ ಎರಡು ನಿಮಿಷ ಬಂದು ಹೋಗುತ್ತಾನೆ. ಎಂಟು ಗಂಟೆ ಹತ್ತಿರವಿರುವವಳು ದಾದಿ. ಆದ್ದರಿಂದಲೇ ಭಾಷೆಯ ಪ್ರಶ್ನೆ ಡಾಕ್ಟರರಿಗಿಂತ ದಾದಿಯರ ವಿಷಯದಲ್ಲಿ ಹೆಚ್ಚು ತೀವ್ರವಾದದ್ದು.

ಮುನಿಸಿಪಲ್ ಆಸ್ಪತ್ರೆಯೊಂದರಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ನಮ್ಮ ನೆರೆಯ ಅಕ್ಕ ಒಬ್ಬರು ಹೇಳಿದ ಮಾತು: “ಬೇರೆ ವಾರ್ಡಿನಿಂದ ಮಾವಶಿ ಓಡಿಬಂದು, ಸಿಸ್ಟರ್, ತುಮಚಾ ಮಾಣೂಸ ಆಲಾಯ್ ಅನ್ನುತ್ತಿದ್ದಳು. ನಿಮ್ಮ ಮನುಷ್ಯ ಬಂದಿದ್ದಾನೆ ಎಂದು. ನನ್ನ ವಾರ್ಡಿನ ಕೆಲಸ ಬಿಟ್ಟು ಹೋಗುತ್ತಿದ್ದೆ, ಬಂದು ಮತ್ತೆ ನನ್ನ ಕೆಲಸ. ಭಾಷಾಂತರಕ್ಕೆಂದು ಯಾರೂ ಒಂದು ಪೈ ಕೊಟ್ಟಿಲ್ಲ, ನಾನು ಕೇಳಲೂ ಇಲ್ಲ.” ಆ ‘ನಿಮ್ಮ ಮನುಷ್ಯ’ ಎಂಬ ಮಾತಿನಲ್ಲಿ ನಮ್ಮ ಎಲ್ಲ ಸಂಘಗಳ ಘಟನೆ-ನಿಬಂಧನೆಗಳಿಗಿಂತ ಹೆಚ್ಚಿನ ಅರ್ಥವಿದೆಯೆಂದು ನನಗನಿಸಿತು.

ಕಾನೂನು ಏನೆನ್ನುತ್ತದೆ? ಸಂವಿಧಾನದ 350ನೆಯ ವಿಧಿಯಂತೆ ಕೇಂದ್ರದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಅರ್ಜಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 1956ರ ಏಳನೆಯ ತಿದ್ದುಪಡಿಯಿಂದ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಹೇಳುವ 350-ಎ, ಭಾಷಾ ಅಲ್ಪಸಂಖ್ಯಾತರಿಗೆ ವಿಶೇಷಾಧಿಕಾರಿಯನ್ನು ನೇಮಿಸುವ 350-ಬಿ ಸೇರಿದವು. ಶಾಲೆ ಬಂತು, ಅರ್ಜಿ ಬಂತು, ಆಸ್ಪತ್ರೆ ಬರಲಿಲ್ಲ. ಕನ್ನಡಿಗನು ತನ್ನ ಮನೆಪಟ್ಟಿಯ ತಕರಾರನ್ನು ತನ್ನ ನುಡಿಯಲ್ಲಿ ಬರೆಯಬಹುದು. ತನ್ನ ಎದೆನೋವನ್ನು ತನ್ನ ನುಡಿಯಲ್ಲಿ ಹೇಳಿದರೆ ಕೇಳಿಸಿಕೊಳ್ಳಲೇಬೇಕೆಂದು ಯಾರಿಗೂ ಕಟ್ಟುಪಾಡಿಲ್ಲ.

ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವವರು ಇದೇ ಕಷ್ಟವನ್ನು ಉಂಡವರು. 1980ರಲ್ಲಿ ಫ್ಲಾರಿಡಾದಲ್ಲಿ ಪ್ರಜ್ಞೆ ತಪ್ಪಿದ ಹದಿನೆಂಟು ವರ್ಷದ ಯುವಕನೊಬ್ಬನನ್ನು ಮನೆಯವರು ಆಸ್ಪತ್ರೆಗೆ ತಂದು ‘ಇಂಟಾಕ್ಸಿಕಾಡೊ’ ಎಂದರು. ತಿಂದದ್ದೋ ಕುಡಿದದ್ದೋ ಒಗ್ಗದೆ ಹೀಗಾಗಿದೆ ಎಂಬುದು ಅವರ ಅಭಿಪ್ರಾಯ. ಮಾದಕದ್ರವ್ಯದ ಅಮಲೆಂದು ಆಸ್ಪತ್ರೆಯವರು ತಿಳಿದರು. ನಿಜದಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಯುವಕ ಜೀವಮಾನವಿಡೀ ಕೈಕಾಲು ಆಡದವನಾದ; ಪರಿಹಾರದ ಒಪ್ಪಂದ ಸುಮಾರು 7.1 ಕೋಟಿ ಡಾಲರಿನದು. ಅದಕ್ಕೂ ಮೊದಲೇ, 1975ರಲ್ಲಿ, ಪನಾಮಾದಲ್ಲಿ ಹುಟ್ಟಿದ ದಾದಿ ಇಲ್ಡೌರಾ ಮುರಿಲ್ಲೊ-ರೋಡ್ ಅವರು ಹಿಸ್ಪಾನಿಕ್ ದಾದಿಯರ ರಾಷ್ಟ್ರೀಯ ಸಂಘವನ್ನು ಕಟ್ಟಿದ್ದರು. ತಮ್ಮ ಜನರ ಮಕ್ಕಳು ದಾದಿಯರಾಗಬೇಕು, ದಾದಿಯಾದವರು ಇನ್ನೂ ಓದಿ ನೀತಿ ರೂಪಿಸುವ ಕೋಣೆಯವರೆಗೆ ತಲುಪಬೇಕು ಎಂಬುದು ಅವರ ಹಟ. ಆದರೂ 2020ರಲ್ಲಿ ಆ ದೇಶದ ಜನಸಂಖ್ಯೆಯ ಶೇ. 18.7ರಷ್ಟು ಹಿಸ್ಪಾನಿಕ್ ಜನರಿದ್ದರೆ, ನೋಂದಾಯಿತ ದಾದಿಯರ ಸಮೀಕ್ಷೆಯಲ್ಲಿ ಅವರ ಪಾಲು ಶೇ. 5.6 ಮಾತ್ರ. ಭಾಷಾ ನೆರವಿನ ಬಗೆಗೆ 2000ದಲ್ಲಿ ಅಲ್ಲಿಯ ಅಧ್ಯಕ್ಷರು ಹೊರಡಿಸಿದ್ದ ಆದೇಶವನ್ನು 2025ರಲ್ಲಿ ಇನ್ನೊಬ್ಬ ಅಧ್ಯಕ್ಷರು ರದ್ದುಪಡಿಸಿದರು. ಆದೇಶ ಒಂದು ಸಹಿಯಿಂದ ಬರುತ್ತದೆ, ಇನ್ನೊಂದು ಸಹಿಯಿಂದ ಹೋಗುತ್ತದೆ. ಕಲಿತ ದಾದಿಯನ್ನು ಯಾವ ಸಹಿಯೂ ರದ್ದುಪಡಿಸಲಾರದು. ಕಡತಗಳ ಮನುಷ್ಯನಾಗಿ ಇದನ್ನು ಹೇಳುತ್ತಿದ್ದೇನೆ.

2020ರ ಕೊರೋನಾ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಅದುವರೆಗೆ ನಮ್ಮ ಬಡವರ ದುಭಾಷಿಯೆಂದರೆ ಹಾಸಿಗೆಯ ಪಕ್ಕ ಕುಳಿತ ಬಂಧು. ಆ ವರ್ಷ ಬಂಧುವನ್ನು ಬಾಗಿಲಲ್ಲೇ ತಡೆದರು, ತಡೆಯಬೇಕಾಗಿತ್ತು. ಮುಸುಕು ಹಾಕಿದ ಮುಖಗಳ ನಡುವೆ, ಬಾಯಿಚಲನೆಯೂ ಕಾಣದೆ, ತಿಳಿಯದ ಭಾಷೆಯಲ್ಲಿ ಪ್ರಾಣ ಬಿಟ್ಟವರಿದ್ದಾರೆ.

ಹಾಗಾದರೆ ನಮ್ಮ ಮಕ್ಕಳು ಈ ವೃತ್ತಿಗೆ ಏಕೆ ಬರುತ್ತಿಲ್ಲ? ಕೇರಳದವರನ್ನು ನೋಡಿ ನಾವು ಮೂಗಿನ ಮೇಲೆ ಬೆರಳಿಡುತ್ತೇವೆ. ಕರ್ನಾಟಕದಲ್ಲಿ ನೂರಾರು ನರ್ಸಿಂಗ್ ಕಾಲೇಜುಗಳಿವೆ, ಅವುಗಳ ಬೆಂಚುಗಳ ಮೇಲೆ ಕೇರಳದ, ಈಶಾನ್ಯ ರಾಜ್ಯಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮಲ್ಲಿ ಇನ್ನೂ ‘ನರ್ಸಮ್ಮ’ ಎಂಬುದು ವಧುವಿನ ಜಾತಕದಲ್ಲಿ ಪಿಸುಮಾತಿನ ವಿಷಯ. ಸ್ವಲ್ಪ ಲೆಕ್ಕ ಕೇಳಿ. ಏಳನೆಯ ವೇತನ ಆಯೋಗದ ಪ್ರಕಾರ ಕೇಂದ್ರ ಸರಕಾರದ ನರ್ಸಿಂಗ್ ಆಫೀಸರರ ಆರಂಭದ ಮೂಲವೇತನ 44,900 ರೂಪಾಯಿ, ಏಳನೆಯ ಸ್ತರ. ಸಚಿವಾಲಯದ ಸಹಾಯಕ ವಿಭಾಗಾಧಿಕಾರಿಯದೂ ಅಷ್ಟೇ. ಆ ಸಹಾಯಕನಿಗೆ ಹೆಣ್ಣು ಕೊಡಲು ಸಾಲು ನಿಲ್ಲುವ ನಾವು ಈಕೆಯನ್ನು ತಂದುಕೊಳ್ಳಲು ಹಿಂಜರಿಯುತ್ತೇವೆ. ಖಾಸಗಿ ನರ್ಸಿಂಗ್ ಹೋಮುಗಳ ಮಾತು ಬೇರೆ. ಸರ್ವೋಚ್ಚ ನ್ಯಾಯಾಲಯದ 2016ರ ನಿರ್ದೇಶನದಂತೆ ರಚಿತವಾದ ಸಮಿತಿ ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದೆಂದು ಶಿಫಾರಸು ಮಾಡಿತು. ಶಿಫಾರಸನ್ನು ಪಾಲಿಸದ ಮಾಲಕರಲ್ಲಿ ನಮ್ಮ ಭಾಷೆಯವರಿಲ್ಲವೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷು ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಇದೆ. ಕಲೆ, ವಾಣಿಜ್ಯ ಓದಿದವರಿಗೂ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾದ ಬಾಗಿಲು ತೆರೆದಿದೆ, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು. ಮುಂಬಯಿಯಲ್ಲೇ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಲೀಲಾಬಾಯಿ ಠಾಕರ್‌ಸಿ ಕಾಲೇಜು 1964ರಿಂದ ಪದವಿ ಶಿಕ್ಷಣ ನೀಡುತ್ತಿದೆ. ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಿಗೆ ತಮ್ಮದೇ ನರ್ಸಿಂಗ್ ಶಾಲೆಗಳಿವೆ. ಗಂಡುಮಕ್ಕಳಿಗೂ ಈ ದಾರಿ ಮುಕ್ತವಾಗಿದೆ. ಮುಂದೆ ಎಂ.ಎಸ್‌ಸಿ. ಮಾಡಿದರೆ ಬೋಧಕ ವೃತ್ತಿ, ಅನುಭವ ಕೂಡಿದರೆ ಮೆಟ್ರನ್ ಹುದ್ದೆ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಈ ನಗರದ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯನ್ನು ನಾವು ಸಾಮಾನ್ಯವಾಗಿ ಹಿಂದುಳಿದವಳೆಂದು ಕನಿಕರದಿಂದ ನೋಡುತ್ತೇವೆ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ನಿಂತಾಗ ಆಕೆಯಷ್ಟು ಸಂಪನ್ನಳು ಬೇರೆ ಯಾರು? ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಪಠ್ಯದಲ್ಲಿ ಇಂಗ್ಲಿಷು. ಸ್ಥಳೀಯ ನೇಮಕಾತಿಗೆ ಮರಾಠಿ ಬೇಕೆಂಬ ನಿಯಮ ಬೆಂಗಳೂರಿನಿಂದ ಬರುವವಳಿಗೆ ಗೋಡೆ, ಈಕೆಗೆ ಹೊಸ್ತಿಲು. ಬಾದಾಮಿಯ ಅಜ್ಜನಿಗೂ ಸಾತಾರೆಯ ಆಜಿಗೂ ಒಂದೇ ಪಾಳಿಯಲ್ಲಿ ಸಮಾಧಾನ ಹೇಳಬಲ್ಲವಳು ಈಕೆ. ಕನ್ನಡ ಶಾಲೆ ಉಳಿಯಬೇಕೆಂದು ನಾವು ಸಂಸ್ಕೃತಿಯ ಹೆಸರಿನಲ್ಲಿ ಬೇಡುತ್ತೇವೆ. ಆಸ್ಪತ್ರೆಯ ಹೆಸರಿನಲ್ಲಿಯೂ ಬೇಡಬಹುದಿತ್ತು.

ಸಂಘ ಏನು ಮಾಡಬಹುದೆಂದು ಕಾರ್ಯಕಾರಿ ಸಮಿತಿಯಲ್ಲಿ ಕೇಳಿದರು. ಶಾಲು ಹೊದಿಸುವುದು ಒಳ್ಳೆಯದೇ, ಇಂದಿನ ಶಾಲುಗಳಿಗೆ ನನ್ನ ಆಕ್ಷೇಪವಿಲ್ಲ. ಆದರೆ ವಾರ್ಷಿಕೋತ್ಸವದ ಮಂಟಪದ ಖರ್ಚಿನಲ್ಲಿ ಎಷ್ಟು ಹುಡುಗಿಯರ ಮೊದಲ ವರ್ಷದ ಶುಲ್ಕ ಕಟ್ಟಬಹುದೆಂದು ಖಜಾಂಚಿಯವರು ಒಮ್ಮೆ ಲೆಕ್ಕ ಹಾಕಲಿ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ನಿವೃತ್ತ ದಾದಿಯರಿಬ್ಬರನ್ನು ಕೂರಿಸಿ ಪೋಷಕರ ಸಂದೇಹಗಳಿಗೆ ಉತ್ತರ ಕೊಡಿಸಬಹುದು. ತಾಯಂದಿರ ಭಯವನ್ನು ನನ್ನಂಥವನು ಬಿಡಿಸಲಾರ, ಅವರು ಬಿಡಿಸಬಲ್ಲರು.

ಇನ್ನೊಂದು ಕೆಲಸ ಆರಂಭವಾಗಿಯೇ ಇದೆ. ರೋಗಲಕ್ಷಣಗಳನ್ನು ಹೇಳುವ ನಮ್ಮ ಆಡುಮಾತುಗಳನ್ನು ಕೂಡಿಸಿ, ಎದುರಿಗೆ ಮರಾಠಿ ಮತ್ತು ಹಿಂದಿ ಅರ್ಥವನ್ನು ದೇವನಾಗರಿಯಲ್ಲಿ ಬರೆದು, ಜೇಬಿನಲ್ಲಿ ಹಿಡಿಯುವ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಆಸ್ಪತ್ರೆಗಳ ವಾರ್ಡುಗಳಿಗೆ ಉಚಿತವಾಗಿ ಕೊಡಬೇಕೆಂಬ ಯೋಜನೆ. ನಮ್ಮ ನೆರೆಯ ಅಕ್ಕನವರೂ ಇನ್ನಿಬ್ಬರು ಸೋದರಿಯರೂ ಕುಳಿತು ಇನ್ನೂರಕ್ಕೂ ಹೆಚ್ಚು ಮಾತುಗಳನ್ನು ಬರೆದಿದ್ದಾರೆ. ‘ಕಾಲ್ಮಡಿ’ ಮೊದಲ ಪುಟದಲ್ಲಿದೆ. ಧಾರವಾಡ, ಬಾಗಲಕೋಟೆ, ಕರಾವಳಿಯ ಮಾತುಗಳು ಸಾಕಷ್ಟು ಬಂದಿವೆ. ಯಾದಗಿರಿ, ಬೀದರ್ ಕಡೆಯವು, ಅದರಲ್ಲೂ ಬಾಣಂತಿತನಕ್ಕೆ ಮತ್ತು ಮಕ್ಕಳ ಕಾಯಿಲೆಗೆ ಸಂಬಂಧಿಸಿದವು, ಇನ್ನೂ ಬಂದಿಲ್ಲ. ಆ ಕಡೆಯ ಹಿರಿಯ ಹೆಂಗಸರು ಈ ಸಭೆಯಲ್ಲಿದ್ದರೆ, ಅಥವಾ ನಿಮ್ಮ ಚಾಳಿನಲ್ಲೋ ಪಕ್ಕದ ವಸತಿಯಲ್ಲೋ ಇದ್ದರೆ, ಪ್ರತಿ ರವಿವಾರ ಬೆಳಗ್ಗೆ ಹತ್ತಕ್ಕೆ ಸಂಘದ ವಾಚನಾಲಯಕ್ಕೆ ಕರೆತನ್ನಿ. ಬರೆದುಕೊಳ್ಳಲು ನಾವು ಕುಳಿತಿರುತ್ತೇವೆ.